ಗೆದ್ದಿದ್ದೇವೆ, ಆದರೂ ನನ್ನ ಸಿಟ್ಟು ಇಳಿದಿಲ್ಲ

ಬೆಳಿಗ್ಗೆಯಿಂದ ಫೋನ್ ಒಂದೇ ಸಮ ಕುಣಿಯುತ್ತಿದೆ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈಮುಗಿದು, ಹೂಗುಚ್ಛ ಹಾಕಿ, ನನಗೆ ‘ಪಾರ್ಕಿಂಗ್ ಲಾಯರಮ್ಮ’ ಅಂತ ಬಿರುದು ಕೊಟ್ಟಿದ್ದಾರೆ. ಥ್ಯಾಂಕ್ಸ್ ಕಣ್ರಪ್ಪಾ. ಆದರೆ ನನಗೆ ಮೈಯೆಲ್ಲ ಉರಿಯುತ್ತಿದೆ. ಯಾಕೆ ಅಂತ ಇಲ್ಲಿ ಬರೆದು ಮುಗಿಸಿಬಿಡುತ್ತೇನೆ. ಇಲ್ಲದಿದ್ದರೆ ರಾತ್ರಿ ನನಗೆ ನಿದ್ದೆ ಬರುವುದಿಲ್ಲ, ನಮ್ಮನೆಯವರಿಗೂ ನಾನು ಬರಗೊಡುವುದಿಲ್ಲ.

ಗೊತ್ತಿಲ್ಲದವರಿಗೆ ಕತೆ ಇಷ್ಟು. ನಾವಿರುವುದು ಬ್ರಿಟನ್ನಿನಲ್ಲಿ. ನಮ್ಮ ಗುಂಪಿನ ನರ್ಸ್ ಹುಡುಗಿ, ಮೂಡಿಗೆರೆ ಕಡೆಯವಳು. ನೈಟ್ ಡ್ಯೂಟಿ ಮುಗಿಸಿ ಸಾಮಾನು ತರೋಕೆ ಅಂತ ಒಂದು ಖಾಸಗಿ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿದಳು. ಮಷೀನಿಗೆ ಹೋಗಿ ಕಾರಿನ ನಂಬರ್ ಒತ್ತಿದಳು, ದುಡ್ಡು ಕಟ್ಟಿದಳು, ಚೀಟಿ ತಗೊಂಡಳು. ಸಮಯ ಮುಗಿಯುವ ಮೊದಲೇ ಹೊರಗೂ ಬಂದಳು. ಆಮೇಲೆ ಮನೆಗೆ ಒಂದು ಪತ್ರ. ನೀನು ದುಡ್ಡು ಕಟ್ಟಿಲ್ಲ, 100 ಪೌಂಡ್ ಕೊಡು. 14 ದಿನದೊಳಗೆ ಕೊಟ್ಟರೆ 60 ಸಾಕು.

ಹುಡುಗಿ ಅಳುತ್ತಾ ಫೋನ್ ಮಾಡಿದಳು. ಅವಳು ಕೇಳಿದ ಮೊದಲನೇ ಪ್ರಶ್ನೆ ದುಡ್ಡಿನದಲ್ಲ. “ಅಕ್ಕಾ, ಇದರಿಂದ ನನ್ನ ವೀಸಾಗೆ ತೊಂದ್ರೆ ಆಗುತ್ತಾ?”

ಅವತ್ತು ಸಂಜೆ ನಮ್ಮ ಅಡುಗೆಮನೆ ಮೇಜಿನ ಮೇಲೆ ಆ ಚೀಟಿ ಹರಡಿಕೊಂಡು ಕೂತೆವು. ಅವಳ ಕೋಟಿನ ಜೇಬಿನಲ್ಲಿ ಮುದುರಿಕೊಂಡಿತ್ತು, ಪುಣ್ಯ, ಎಸೆದಿರಲಿಲ್ಲ. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ವಿಷಯ ಗೊತ್ತಾಯಿತು. ಅವಳ ಕಾರಿನ ನಂಬರಿನಲ್ಲಿ 70 ಇದೆ. 2020ರ ಸೆಪ್ಟೆಂಬರಿನಿಂದ 2021ರ ಫೆಬ್ರುವರಿವರೆಗೆ ರಿಜಿಸ್ಟರ್ ಆದ ಕಾರುಗಳಿಗೆಲ್ಲ ಇಲ್ಲಿ 70 ಬರುತ್ತದೆ. ಅವಳು ಸೊನ್ನೆಯ ಬದಲು ‘ಓ’ ಅಕ್ಷರ ಒತ್ತಿದ್ದಾಳೆ. ಅಷ್ಟೇ. ಮಜಾ ಏನು ಗೊತ್ತಾ? ಈ ದೇಶದ ನಂಬರ್ ಪ್ಲೇಟಿನಲ್ಲಿ ಸೊನ್ನೆ ಮತ್ತು ‘ಓ’ ಎರಡಕ್ಕೂ ಒಂದೇ ಆಕಾರ. ಕಾರಿನ ಹಿಂದೆ ನಿಂತು ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಕಾಣುವುದಿಲ್ಲ. ರಾತ್ರಿಯಿಡೀ ವಾರ್ಡಿನಲ್ಲಿ ನಿಂತು ಬಂದ ಹುಡುಗಿ, ಅಕ್ಷರ ಅಳಿಸಿಹೋದ ಕೀಲಿಗಳ ಮೇಲೆ ಬೆರಳಿಟ್ಟು ಹುಡುಕುವಾಗ, ಹಿಂದೆ ನಾಲ್ಕು ಜನ ನಿಂತಿರುವಾಗ, ಇಂಗ್ಲಿಷ್ ಅಕ್ಷರಮಾಲೆಯ ಮೇಲೆ ಸಂಶೋಧನೆ ಮಾಡಬೇಕಿತ್ತು ಅಂತ ಕಾಣುತ್ತದೆ.

ಕಂಪನಿಗೆ ಬರೆದೆವು. ಚೀಟಿ ಇದೆ, ಬ್ಯಾಂಕಿನಲ್ಲಿ ದುಡ್ಡು ಹೋಗಿದ್ದೂ ಇದೆ, ನಿಮ್ಮ ಲೆಕ್ಕದಲ್ಲಿ ಒಂದು ಅಕ್ಷರ ಬೇರೆ ಇರುವ ನಂಬರ್ ಹುಡುಕಿ ನೋಡಿ ಅಂದೆವು. ಈ ಉದ್ಯಮದವರೇ ಬರೆದುಕೊಂಡ ನಿಯಮದಲ್ಲಿ ಇದಕ್ಕೆ ಜಾಗ ಇದೆ. ಒಂದು ಅಕ್ಷರ ತಪ್ಪಿದ್ದರೆ, ದುಡ್ಡು ಕಟ್ಟಿದ್ದು ಗೊತ್ತಾದರೆ, ಮೊದಲನೇ ಅಪೀಲ್‌ನಲ್ಲೇ ಚಾರ್ಜ್ ರದ್ದು ಮಾಡಬೇಕು. ಗಂಡನ ಕಾರು ತಂದು ಹೆಂಡತಿಯ ಕಾರಿನ ನಂಬರ್ ಒತ್ತಿದಂಥ ದೊಡ್ಡ ತಪ್ಪಾದರೆ 20 ಪೌಂಡ್ ಕೇಳಬಹುದು. ಅದೂ ಅವರದ್ದೇ ನಿಯಮ.

ಉತ್ತರ ಬಂತು. ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿದೆವು, ಈ ವಾಹನಕ್ಕೆ ದುಡ್ಡು ಕಟ್ಟಿದ ದಾಖಲೆ ಇಲ್ಲ, ತಿರಸ್ಕರಿಸಿದ್ದೇವೆ. ಕೂಲಂಕಷವಂತೆ! ನಾವು ಕಳಿಸಿದ ಫೋಟೋವನ್ನು ಯಾರಾದರೂ ತೆರೆದು ನೋಡಿದ್ದರೆ ಆ ವಾಕ್ಯ ಬರೆಯಲು ಕೈ ಬರುತ್ತಿರಲಿಲ್ಲ. ಕೆಳಗೆ ಇನ್ನೊಂದು ಸಾಲು: ಈಗಲೂ 60 ಕೊಟ್ಟರೆ ಮುಗಿಸಿಬಿಡುತ್ತೇವೆ. ಆದರೆ ಮೇಲಿನ ಅಪೀಲ್‌ಗೆ ಹೋದರೆ ಈ ರಿಯಾಯಿತಿ ಇಲ್ಲ, ಸೋತರೆ ಪೂರ್ತಿ 100.

ಆ ಸಾಲನ್ನು ಇನ್ನೊಮ್ಮೆ ಓದಿ. ನ್ಯಾಯ ಕೇಳಿದರೆ 40 ಪೌಂಡ್ ಜಾಸ್ತಿ. ನ್ಯಾಯ ಬೇಡ ಅಂದರೆ ಡಿಸ್ಕೌಂಟ್.

ಮೇಲಿನ ಅಪೀಲ್‌ಗೆ ಹಾಕಿದೆವು. ನಿನ್ನೆ ಇಮೇಲ್ ಬಂತು. ಕಂಪನಿಯವರು ಚಾರ್ಜ್ ವಾಪಸ್ ತಗೊಂಡಿದ್ದಾರೆ, ಆದ್ದರಿಂದ ನಿಮ್ಮ ಅಪೀಲ್ ಮುಕ್ತಾಯ. ಎರಡೇ ಸಾಲು. ತಪ್ಪಾಯಿತು ಅಂತ ಇಲ್ಲ, ಯಾಕೆ ವಾಪಸ್ ಅಂತ ಇಲ್ಲ. ತೀರ್ಪೂ ಇಲ್ಲ. ಕಂಪನಿ ಎದುರುವಾದವನ್ನೇ ಹಾಕಲಿಲ್ಲ. ಇದನ್ನೇ ನೀವೆಲ್ಲ ‘ಗೆಲುವು’ ಅನ್ನುತ್ತಿರುವುದು.

ನನ್ನ ಸಿಟ್ಟು ಇದೇ. ಮೊದಲ ಪತ್ರದ ದಿನವೇ ಕಂಪನಿಗೆ ಗೊತ್ತಿತ್ತು, ಇದು ನಿಲ್ಲುವ ಕೇಸಲ್ಲ ಅಂತ. ಗೊತ್ತಿರಲಿಲ್ಲ ಅಂದರೆ ನೋಡಲೇ ಇಲ್ಲ ಅಂತ ಅರ್ಥ. ಎರಡರಲ್ಲಿ ಯಾವುದಾದರೂ ಸರಿ, ಅವರಿಗೆ ಆದ ನಷ್ಟ ಏನು? ಅಪೀಲ್‌ನವರು ಅವರನ್ನು ಕರೆದು “ಏನಪ್ಪಾ, ಮೊದಲು ಯಾಕೆ ತಿರಸ್ಕರಿಸಿದೆ?” ಅಂತ ಒಂದು ಮಾತಾದರೂ ಕೇಳಿದರಾ? ಇಲ್ಲ. ಅದೇ ಮಷೀನಿನಲ್ಲಿ ಅದೇ ದಿನ ‘ಓ’ ಒತ್ತಿದ ಇನ್ನೊಬ್ಬರು ಹೆದರಿ 60 ಕಟ್ಟಿರುತ್ತಾರೆ. ಅವರ ದುಡ್ಡು ವಾಪಸ್ ಬರುತ್ತದಾ? ಅದೂ ಇಲ್ಲ. ಹೆದರಿದವರಿಂದ 60, ಹೆದರದವರಿಗೆ ಎರಡು ಸಾಲಿನ ಇಮೇಲ್. ಇದು ಲೆಕ್ಕಾಚಾರ. ನಾನು ಹೊಟ್ಟೆಪಾಡಿಗೆ ಲೆಕ್ಕ ಬರೆಯುವವಳು, ಇಂಥ ಲೆಕ್ಕ ನೋಡಿದ ಕೂಡಲೇ ಗೊತ್ತಾಗುತ್ತದೆ.

ಈಗ ಈ ‘ಮೇಲಿನ ಅಪೀಲ್’ ಅಂದರೆ ಯಾರು, ಅದನ್ನು ಸ್ವಲ್ಪ ಹೇಳಬೇಕು. ನಮ್ಮವರಲ್ಲಿ ಬಹಳ ಜನ ಅದನ್ನು ಸರ್ಕಾರದ್ದು, ಕೋರ್ಟಿನ ತಮ್ಮ ಅಂದುಕೊಂಡಿದ್ದಾರೆ. ಅಲ್ಲ. ಇಲ್ಲಿ ಖಾಸಗಿ ಪಾರ್ಕಿಂಗ್ ಕಂಪನಿಗಳಿಗೆ ಎರಡು ಸಂಘಗಳಿವೆ. ಒಂದು ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್, ಇನ್ನೊಂದು ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ. ಮೊದಲನೆಯದರ ಸದಸ್ಯರ ಮೇಲಿನ ಅಪೀಲ್ ‘ಪೋಪ್ಲಾ’ ಅನ್ನುವ ಅಪೀಲ್ ಸೇವೆಗೆ ಹೋಗುತ್ತದೆ. ಅದನ್ನು ಬೇರೆ ಸಂಸ್ಥೆ ನಡೆಸುತ್ತದೆ, ಆದರೆ ಸಂಘ ಕೊಟ್ಟ ಗುತ್ತಿಗೆಯ ಮೇಲೆ. ಎರಡನೆಯದರದ್ದು ಐಎಎಸ್, ಅಂದರೆ ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್‌ಗೆ ಹೋಗುತ್ತದೆ (ನಮ್ಮ ಡಿಸಿ ಸಾಹೇಬರ ಐಎಎಸ್ ಅಲ್ಲ, ಗಾಬರಿ ಬೇಡ). ಅದನ್ನು ಆ ಸಂಘವೇ ಹುಟ್ಟುಹಾಕಿದೆ. ಪೋಪ್ಲಾದಲ್ಲಿ ತೀರ್ಪು ಬರೆದವರ ಹೆಸರಾದರೂ ಕೆಳಗಿರುತ್ತದೆ. ಐಎಎಸ್‌ನಲ್ಲಿ ಹೆಸರೇ ಇಲ್ಲ. ಅರ್ಹ ವಕೀಲರು ಅನ್ನುತ್ತಾರೆ, ಯಾವ ವಕೀಲರು ಅಂತ ಕೇಳುವ ಹಾಗಿಲ್ಲ.

ಯಾವುದಕ್ಕೆ ಹೋಗಬೇಕು ಅಂತ ಆರಿಸುವುದು ನಾವಲ್ಲ, ಕಂಪನಿ. ಅದು ಯಾವ ಸಂಘಕ್ಕೆ ಚಂದಾ ಕಟ್ಟುತ್ತದೋ ಅಲ್ಲಿ ನಮ್ಮ ಕೇಸು. ಒಂದು ಸಂಘ ಬಿಟ್ಟು ಇನ್ನೊಂದಕ್ಕೆ ಹಾರಿದ ಕಂಪನಿಗಳೂ ಇವೆ. ಬೌಲರ್‌ನ ಸೋದರಮಾವನನ್ನೇ ಅಂಪೈರ್ ಮಾಡಿ, ಆ ಮಾವ ಸರಿಬರಲಿಲ್ಲ ಅಂದರೆ ಇನ್ನೊಬ್ಬ ಮಾವನನ್ನು ಕರೆಸುವ ಆಟ ಇದು. (ನಮ್ಮ ಹುಡುಗಿಯ ಕೇಸು ಯಾವ ಮಾವನ ಹತ್ತಿರ ಇತ್ತು ಅಂತ ಇಲ್ಲಿ ಬರೆಯುವುದಿಲ್ಲ. ಇನ್‌ಬಾಕ್ಸಿನಲ್ಲೂ ಕೇಳಬೇಡಿ.)

ಕೌನ್ಸಿಲ್ (ನಮ್ಮ ನಗರಸಭೆ ಇದ್ದಹಾಗೆ) ಹಾಕಿದ ಪಾರ್ಕಿಂಗ್ ದಂಡದ ದಾರಿ ಬೇರೆ. ಲಂಡನ್‌ನಲ್ಲಿ ಲಂಡನ್ ಟ್ರಿಬ್ಯುನಲ್ಸ್, ಹೊರಗೆ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯುನಲ್. ಅವಕ್ಕೂ ಕೌನ್ಸಿಲ್‌ಗಳೇ ದುಡ್ಡು ಕೊಡುತ್ತವಲ್ಲ ಅಂತ ನಮ್ಮನೆಯವರು ತಕರಾರು ತೆಗೆದರು. ಕೊಡುತ್ತವೆ. ಆದರೆ ಅಲ್ಲಿ ಕಾನೂನು ಕಟ್ಟಿದ ನ್ಯಾಯಮಂಡಳಿ ಇದೆ, ಹೆಸರು ಹಾಕಿ ತೀರ್ಪು ಬರೆಯುವವರಿದ್ದಾರೆ. ಸಂಘಕ್ಕೆ ಚಂದಾ ಕಟ್ಟಿ ಮಂಡಳಿ ಬದಲಾಯಿಸುವ ಸೌಕರ್ಯ ಯಾವ ಕೌನ್ಸಿಲ್‌ಗೂ ಇಲ್ಲ.

ಈ ಕಂಪನಿಗಳಿಗೆ ನಮ್ಮ ಮನೆ ವಿಳಾಸ ಹೇಗೆ ಸಿಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಡಿವಿಎಲ್‌ಎ ಕೊಡುತ್ತದೆ. ನಮ್ಮ ಆರ್‌ಟಿಓ ಇದ್ದಹಾಗೆ, ಸರ್ಕಾರದ್ದೇ. ಒಂದು ಹೆಸರು-ವಿಳಾಸಕ್ಕೆ 2.50 ಪೌಂಡ್. ವರ್ಷಕ್ಕೆ ಒಂದು ಕೋಟಿಗೂ ಮೇಲೆ ಹೀಗೆ ವಿಳಾಸ ಹೋಗುತ್ತದೆ. ಆ ಎರಡು ಸಂಘಗಳಲ್ಲಿ ಒಂದರ ಸದಸ್ಯತ್ವ ಇದ್ದರೆ ಮಾತ್ರ ಕೊಡುತ್ತಾರೆ. ಹಾಗಾಗಿ ಸಂಘ ಅಂದರೆ ಬರೀ ಸಂಘ ಅಲ್ಲ, ವಿಳಾಸದ ಬೀರುವಿನ ಬೀಗದಕೈ ಅದು.

ಇದರ ಬೇರು 2012ರಲ್ಲಿದೆ. ಅದಕ್ಕೂ ಮುಂಚೆ ಖಾಸಗಿ ಜಾಗದಲ್ಲಿ ಕಾರಿನ ಚಕ್ರಕ್ಕೆ ಬೀಗ ಹಾಕಿ, ಬಿಡಿಸಲು ಬಾಯಿಗೆ ಬಂದಷ್ಟು ಕೇಳುತ್ತಿದ್ದರು. ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆ ಬಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದನ್ನು ನಿಲ್ಲಿಸಿತು. ಒಳ್ಳೆಯದಾಯಿತು. ಆದರೆ ಬದಲಿಗೆ ಕಂಪನಿಗಳಿಗೆ ಒಂದು ಉಡುಗೊರೆಯನ್ನೂ ಕೊಟ್ಟಿತು. ಯಾರು ಓಡಿಸಿದರು ಅಂತ ಗೊತ್ತಿಲ್ಲದಿದ್ದರೂ ಕಾರು ಯಾರ ಹೆಸರಿನಲ್ಲಿದೆಯೋ ಅವರನ್ನೇ ಹಿಡಿಯಬಹುದು. ಅದಕ್ಕೆ ಷರತ್ತುಗಳಿವೆ. ಗಾಜಿಗೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾ ನೋಡಿ ಕಳಿಸಿದರೆ, ಪತ್ರ 14 ದಿನದೊಳಗೆ ಕೈ ಸೇರಬೇಕು. ಸೇರದಿದ್ದರೆ ಕಾರಿನ ಮಾಲೀಕರನ್ನು ಹಿಡಿಯುವ ಹಕ್ಕು ಅವರಿಗಿಲ್ಲ. ಇದು ಎಷ್ಟು ಜನಕ್ಕೆ ಗೊತ್ತು? ಪತ್ರ ಬಂದ ತಕ್ಷಣ “ಹೌದು ಸಾರ್, ನಾನೇ ಓಡಿಸ್ತಿದ್ದೆ, ಕ್ಷಮಿಸಿ” ಅಂತ ಬರೆದುಕೊಡುತ್ತೇವೆ. ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಬೆಳೆದವರಲ್ವಾ.

ಇನ್ನು ಕೋರ್ಟಿನ ಮಾತು. ಕಂಪನಿಗಳ ಉತ್ತರದಲ್ಲಿ ಬೇವಿಸ್ ಕೇಸು ಅಂತ ಒಂದು ಮಂತ್ರ ಇರುತ್ತದೆ. ಬ್ಯಾರಿ ಬೇವಿಸ್ ಅಂತ ಮೀನು-ಚಿಪ್ಸ್ ಅಂಗಡಿ ಇಟ್ಟಿದ್ದ ಮನುಷ್ಯ. ಚೆಲ್ಮ್ಸ್‌ಫರ್ಡ್‌ನ ಒಂದು ರಿಟೇಲ್ ಪಾರ್ಕ್‌ನಲ್ಲಿ ಎರಡು ಗಂಟೆ ಉಚಿತ ಇದ್ದಲ್ಲಿ 56 ನಿಮಿಷ ಜಾಸ್ತಿ ನಿಂತ. 85 ಪೌಂಡ್ ಕೇಳಿದರು, ಕೊಡಲ್ಲ ಅಂದ. ಅಷ್ಟಕ್ಕೇ ಸುಪ್ರೀಂ ಕೋರ್ಟಿನವರೆಗೆ ಹೋದ, 2015ರ ನವೆಂಬರಿನಲ್ಲಿ ಸೋತ. ಸೋತರೂ ಆ ಮನುಷ್ಯನ ಹಟ ನನಗೆ ಇಷ್ಟ. ಅವತ್ತು ಕೋರ್ಟ್ ಹೇಳಿದ್ದು, ಅಲ್ಲಿ ಬೋರ್ಡುಗಳು ದೊಡ್ಡದಾಗಿದ್ದವು, ಜಾಗ ಖಾಲಿಯಾಗುತ್ತಿರಬೇಕು ಅನ್ನುವುದು ನ್ಯಾಯವಾದ ಉದ್ದೇಶ, ಆದ್ದರಿಂದ 85 ಅತಿಯಲ್ಲ ಅಂತ. ದುಡ್ಡು ಕಟ್ಟಿ ಸಮಯಕ್ಕೆ ಹೊರಟುಹೋದ ಹುಡುಗಿಗೂ ಇದಕ್ಕೂ ಏನು ಸಂಬಂಧ? ಆದರೂ ಮೊದಲನೇ ತಿರಸ್ಕಾರ ಪತ್ರದಲ್ಲಿ ಬೇವಿಸ್ ಹಾಜರ್. ಹೆದರಿಸಲು ಸುಪ್ರೀಂ ಕೋರ್ಟ್ ಅನ್ನುವ ಹೆಸರೇ ಸಾಕು.

ಪಾರ್ಲಿಮೆಂಟ್ ಸುಮ್ನೆ ಕೂತಿದೆಯಾ ಅಂದರೆ, ಕೂತಿಲ್ಲ. ಎದ್ದು ಎದ್ದು ಕೂರುತ್ತಿದೆ. ಗ್ರೆಗ್ ನೈಟ್ ಅನ್ನುವ ಸಂಸದರು ತಂದ ಮಸೂದೆ 2019ರಲ್ಲಿ ಕಾಯ್ದೆಯಾಯಿತು. ಸರ್ಕಾರವೇ ಒಂದು ನಿಯಮಾವಳಿ ಬರೆಯಬೇಕು ಅಂತ. 2022ರ ಫೆಬ್ರುವರಿಯಲ್ಲಿ ಬರೆದರು ಕೂಡ. ಲಂಡನ್ ಹೊರಗೆ ಬಹುತೇಕ ಚಾರ್ಜ್ 50 ಪೌಂಡ್ ದಾಟಬಾರದು, ಎರಡು ಮಾವಂದಿರ ಬದಲು ಒಂದೇ ಅಪೀಲ್ ವ್ಯವಸ್ಥೆ. ಕಂಪನಿಗಳು ಕೋರ್ಟಿಗೆ ಹೋದವು, ಜೂನ್‌ನಲ್ಲಿ ಸರ್ಕಾರ ಅದನ್ನು ವಾಪಸ್ ತಗೊಂಡಿತು. ಆ ಖಾಲಿ ಜಾಗದಲ್ಲಿ ಎರಡೂ ಸಂಘಗಳು ಸೇರಿ 2024ರಲ್ಲಿ ತಮ್ಮದೇ ಒಂದು ನಿಯಮಾವಳಿ ತಂದವು. ಸಮಯ ಮುಗಿದ ಮೇಲೆ 10 ನಿಮಿಷ ವಿನಾಯಿತಿ ಅಂತೆಲ್ಲ ಚೆನ್ನಾಗಿ ಬರೆದಿದ್ದಾರೆ. 100 ಪೌಂಡ್ ಮಾತ್ರ ಅಲ್ಲಾಡಿಲ್ಲ. ಅಪೀಲ್ ಅವರದ್ದೇ ಎರಡು ಮನೆಗೆ. 2025ರ ಜುಲೈನಲ್ಲಿ ಹೊಸ ಸರ್ಕಾರ ಮತ್ತೆ ಜನಾಭಿಪ್ರಾಯ ಕೇಳಿತು. ನಾನೂ ಉದ್ದಕ್ಕೆ ಬರೆದು ಕಳಿಸಿದೆ. ನನ್ನ ಸ್ವಭಾವ ಗೊತ್ತಲ್ಲ, ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ಮೆಜೆಸ್ಟಿಕ್‌ನಿಂದ ಬನಶಂಕರಿವರೆಗೆ ಜಗಳ ಆಡಿಕೊಂಡು ಹೋದವಳು.

ನಿಯಮ ಅವರದ್ದೇ ಆದಾಗ ಯಾವಾಗ ಬದಲಾಗುತ್ತದೆ ಗೊತ್ತಾ? ಮರ್ಯಾದೆ ಹೋದಾಗ. ಡರ್ಬಿಯಲ್ಲಿ ಒಬ್ಬ ಹೆಣ್ಣುಮಗಳು ಒಳಗೆ ಬಂದ ಐದು ನಿಮಿಷದೊಳಗೆ ದುಡ್ಡು ಕಟ್ಟಲಿಲ್ಲ ಅಂತ ಅವಳಿಗೆ ಚಾರ್ಜಿನ ಮೇಲೆ ಚಾರ್ಜು ಹಾಕಿ 1,906 ಪೌಂಡ್ ಕೇಳಿದರು. ಕಟ್ಟಿರಲಿಲ್ಲ ಅಂತಲ್ಲ, ಮೊಬೈಲ್ ಸಿಗ್ನಲ್ ಸಿಗದೆ ತಡವಾಗಿ ಕಟ್ಟಿದ್ದಳು. ಪತ್ರಿಕೆಗಳಲ್ಲಿ ಬಂತು, ದೇಶವೆಲ್ಲ ಉಗಿಯಿತು. ಕೇಸು ಬಿಟ್ಟರು. 2025ರ ಫೆಬ್ರುವರಿಯಲ್ಲಿ ನಿಯಮವೂ ಬದಲಾಯಿತು, ಹೊರಡುವ ಮುಂಚೆ ಕಟ್ಟಿದರೆ ಸಾಕು ಅಂತ. ಅಪೀಲ್ ವ್ಯವಸ್ಥೆಯಿಂದ ಬಂದ ಬದಲಾವಣೆಯಲ್ಲ ಇದು. ಪೇಪರಿನಿಂದ ಬಂದದ್ದು.

ನಮ್ಮ ಗುಂಪಿನ ಹಿರಿಯರೊಬ್ಬರು ನಿನ್ನೆ ರಾತ್ರಿ ನನಗೆ ಬುದ್ಧಿ ಹೇಳಿದರು. “ಅಲ್ಲಮ್ಮಾ, ಚಾರ್ಜ್ ಇಲ್ಲದಿದ್ರೆ ಜನ ಬೆಳಿಗ್ಗೆ ನಿಲ್ಲಿಸಿ ಸಂಜೆ ತನಕ ಕಾರು ತೆಗೆಯಲ್ಲ. ಅಂಗಡಿಯವರೇನು ಮಾಡಬೇಕು? ಅಪೀಲ್ ನಿನಗೆ ಪುಕ್ಕಟೆ, ತೀರ್ಪು ಕಂಪನಿ ಒಪ್ಪಲೇಬೇಕು, ನೀನು ಒಪ್ಪಬೇಕಾಗಿಲ್ಲ. ಇನ್ನೇನು ಬೇಕು?” ಎಲ್ಲ ನಿಜ ಅಂಕಲ್. ಪೋಪ್ಲಾದಲ್ಲಿ ಎಷ್ಟೋ ಜನ ಗೆಲ್ಲುತ್ತಾರೆ, ಅದೂ ನಿಜ. ಇಡೀ ದಿನ ಕಾರು ನಿಲ್ಲಿಸಿ ಹೋಗುವವರಿಗೆ ಹಾಕಲಿ ನೂರು, ನಾನೇ ಚಪ್ಪಾಳೆ ತಟ್ಟುತ್ತೇನೆ. ನಾನು ಕೇಳುತ್ತಿರುವುದು ಚಾರ್ಜ್ ಯಾಕೆ ಅಂತ ಅಲ್ಲ. ತಪ್ಪು ಚಾರ್ಜ್ ಹಾಕಿದವರಿಗೆ ಏನು ಚಾರ್ಜ್ ಅಂತ. ಅದಕ್ಕೆ ನೀವೂ ಉತ್ತರ ಕೊಡಲಿಲ್ಲ, ‘ಗುಡ್ ನೈಟ್’ ಅಂತ ಕಳಿಸಿ ಮಲಗಿದಿರಿ.

ಪುಕ್ಕಟೆಯಂತೆ. ಇನ್ನೊಂದು ಮನೆಯ ಕತೆ ಹೇಳುತ್ತೇನೆ. ಅವರ ಮಗುವಿಗೆ ಅಂಗಡಿಯಲ್ಲೇ ಉಬ್ಬಸ ಹೆಚ್ಚಾಯಿತು. ಪಂಪ್ ಕೊಟ್ಟು, ಸುಧಾರಿಸಿಕೊಳ್ಳುವವರೆಗೆ ಕಾರಿನಲ್ಲೇ ಕೂತಿದ್ದು, ಹೊರಡುವಾಗ ಹೊತ್ತು ಮೀರಿತ್ತು. ಅಪೀಲ್‌ನಲ್ಲಿ ಆಸ್ಪತ್ರೆ ಕಾಗದವನ್ನೂ ಹಾಕಿದ್ದರು. ಕಂಪನಿ ಕಳಿಸಿದ ಸಾಕ್ಷಿಯ ಕಟ್ಟು ನಾನೇ ನೋಡಿದೆ. ಪುಟಗಟ್ಟಲೆ ಬೋರ್ಡಿನ ಫೋಟೋಗಳು, ಎಲ್ಲವೂ ಕಣ್ಣು ಕುಕ್ಕುವ ಬೇಸಿಗೆ ಬಿಸಿಲಿನಲ್ಲಿ ತೆಗೆದವು. ಇವರು ಹೋಗಿದ್ದು ಡಿಸೆಂಬರ್ ಸಂಜೆ. ಆ ಹೊತ್ತಿಗೆ ಇಲ್ಲಿ ಗವ್ವೆನ್ನುವ ಕತ್ತಲೆ. ಬೋರ್ಡಿಗೆ ದೀಪ ಇತ್ತಾ ಅಂತ ಯಾರೂ ಕೇಳಿಲ್ಲ, ಇವರಿಗೂ ಆ ಪ್ರಶ್ನೆ ಎತ್ತಬೇಕು ಅಂತ ಗೊತ್ತಿರಲಿಲ್ಲ. ಮಗುವಿನ ಕತೆಯನ್ನೇ ಬರೆದರು. ತೀರ್ಪು ಬಂತು: ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಕಷ್ಟಸುಖ ನೋಡಿ ತೀರ್ಮಾನಿಸುವ ಅಧಿಕಾರ ನಮಗಿಲ್ಲ, ಚಾರ್ಜ್ ನಿಯಮದ ಪ್ರಕಾರ ಇದೆಯಾ ಅಷ್ಟೇ ನೋಡುತ್ತೇವೆ. ಸೋತರು, 100 ಕಟ್ಟಿದರು.

ಅಂದರೆ ಈ ಅಪೀಲ್‌ನಲ್ಲಿ ಗೆಲ್ಲಲು ನಿಜ ಹೇಳಿದರೆ ಸಾಲದು, ಸರಿಯಾದ ನಿಜ ಹೇಳಬೇಕು. ಬೋರ್ಡ್ ಓದುವ ಹಾಗಿತ್ತಾ? ಪತ್ರ ಗಡುವಿನೊಳಗೆ ಬಂತಾ? ಆ ಜಾಗದಲ್ಲಿ ಚಾರ್ಜ್ ಹಾಕಲು ಜಾಗದ ಮಾಲೀಕ ಕಂಪನಿಗೆ ಅಧಿಕಾರ ಕೊಟ್ಟಿದ್ದಾನಾ, ಅದರ ಒಪ್ಪಂದ ತೋರಿಸಿದ್ದಾರಾ? ಕ್ಯಾಮೆರಾ ಹಿಡಿಯುವುದು ಗೇಟು ದಾಟಿದ ಹೊತ್ತು, ಕಾರು ನಿಲ್ಲಿಸಿದ ಹೊತ್ತಲ್ಲ. ಜಾಗ ಹುಡುಕಿ ಸುತ್ತಿದ್ದು, ಕ್ರಿಸ್‌ಮಸ್ ಜನಜಂಗುಳಿಯಲ್ಲಿ ಹೊರಗೆ ಹೋಗಲು ಕಾದಿದ್ದು ಎಲ್ಲ ಸೇರಿರುತ್ತದೆ. ಇಂಥವನ್ನು ಬರೆಯಬೇಕು. ಮಗುವಿಗೆ ಉಸಿರು ಕಟ್ಟಿತ್ತು ಅಂತ ಬರೆದರೆ ‘ಅರ್ಥವಾಗುತ್ತದೆ’ ಅಂತ ಹೇಳಿ ಸೋಲಿಸುತ್ತಾರೆ. ಇದೆಲ್ಲ ಗೊತ್ತಿರುವವರಿಗೆ ಪುಕ್ಕಟೆ. ಗೊತ್ತಿಲ್ಲದವರಿಗೆ 40 ಪೌಂಡ್ ಜಾಸ್ತಿ.

ಅರ್ಧ ಬೆಲೆ ಅಂದರೆ ನಾವು ಮರುಳಾಗುತ್ತೇವೆ ಅನ್ನುವುದೂ ಸುಳ್ಳಲ್ಲ. 2023ರಲ್ಲಿ ಬೆಂಗಳೂರಲ್ಲಿ ಟ್ರಾಫಿಕ್ ದಂಡಕ್ಕೆ 50 ಪರ್ಸೆಂಟ್ ರಿಯಾಯಿತಿ ಅಂದಾಗ ಜನ ಸಾಲುಗಟ್ಟಿ ಕಟ್ಟಿದ್ದು ನೆನಪಿದೆಯಲ್ವಾ? ಅಲ್ಲಾದರೂ ಸಿಗ್ನಲ್ ಹಾರಿದ್ದು ಬಹುತೇಕರಿಗೆ ಗೊತ್ತಿತ್ತು. ಇಲ್ಲಿ ಏನೂ ಮಾಡದವರೂ 60ಕ್ಕೆ ಕೈ ಹಾಕುತ್ತಾರೆ. ಯಾಕೆ ಅಂದರೆ ವೀಸಾ. ಪಿಆರ್, ಅಂದರೆ ಇಲ್ಲಿ ಕಾಯಂ ಇರುವ ಪರವಾನಗಿ. ಮನೆ ಸಾಲ. ಅದಕ್ಕೇ ಆ ಹುಡುಗಿಯ ಪ್ರಶ್ನೆ ನನ್ನ ಎದೆಗೆ ಚುಚ್ಚಿದ್ದು. ಖಾಸಗಿ ಕಂಪನಿಯ ಪಾರ್ಕಿಂಗ್ ಚಾರ್ಜ್ ಅಪರಾಧ ಅಲ್ಲ, ಪೊಲೀಸ್ ದಂಡ ಅಲ್ಲ. ಒಪ್ಪಂದ ಮುರಿದಿದ್ದೀಯ ಅಂತ ಒಂದು ಕಂಪನಿ ಕೇಳುವ ದುಡ್ಡು. ಪತ್ರ ಬಂದ ಮಾತ್ರಕ್ಕೆ ಯಾರ ದಾಖಲೆಯಲ್ಲೂ ಏನೂ ಏರುವುದಿಲ್ಲ. ಆಮೇಲೆ ಕೆಂಪು ಅಕ್ಷರದಲ್ಲಿ 70 ಪೌಂಡ್ ಸೇರಿಸಿ 170 ಅಂತ ಸಾಲ ವಸೂಲಿಯವರ ಪತ್ರಗಳು ಬರಬಹುದು. ಅವರು ಮನೆಗೆ ನುಗ್ಗಿ ಟಿವಿ ಎತ್ತಿಕೊಂಡು ಹೋಗುವವರಲ್ಲ, ಅವರಿಗೆ ಆ ಅಧಿಕಾರ ಇಲ್ಲ.

ಒಂದೇ ಒಂದು ಕಾಗದವನ್ನು ಮಾತ್ರ ಮೂಲೆಗೆ ಎಸೆಯಬೇಡಿ. ನಾರ್ಥಾಂಪ್ಟನ್‌ನಿಂದ ಕೋರ್ಟಿನ ಕ್ಲೇಮ್ ಫಾರ್ಮ್ ಬಂದರೆ ಅದು ನಿಜವಾದ ಕೋರ್ಟು. ಉತ್ತರ ಕೊಡದಿದ್ದರೆ ತೀರ್ಪು ನಿಮ್ಮ ವಿರುದ್ಧ ತಾನಾಗೇ ಆಗುತ್ತದೆ. ಆ ತೀರ್ಪಿನ ದುಡ್ಡನ್ನು ಒಂದು ತಿಂಗಳೊಳಗೆ ಕಟ್ಟದಿದ್ದರೆ ಆರು ವರ್ಷ ನಿಮ್ಮ ಕ್ರೆಡಿಟ್ ದಾಖಲೆಯಲ್ಲಿ ಕೂರುತ್ತದೆ. ಮನೆ ಬದಲಾಯಿಸಿದಾಗ ಡಿವಿಎಲ್‌ಎಗೆ ಹೊಸ ವಿಳಾಸ ಕೊಡದೆ, ಪತ್ರವೆಲ್ಲ ಹಳೇ ಮನೆಗೆ ಹೋಗಿ, ಸಾಲ ಕೇಳಲು ಹೋದಾಗ ಇದು ಗೊತ್ತಾದವರು ನಮ್ಮಲ್ಲೇ ಇದ್ದಾರೆ. ವಿಳಾಸ ಇವತ್ತೇ ಬದಲಾಯಿಸಿ, ಪುಕ್ಕಟೆ. ಇದು ನಿಜವಾದ ಪುಕ್ಕಟೆ.

ಹುಡುಗಿ ಖುಷಿಯಲ್ಲಿದ್ದಾಳೆ. ಭಾನುವಾರ ಅಕ್ಕಿ ಕಡುಬು ಮಾಡಿ ಕರೆಯುತ್ತಾಳಂತೆ, ಹೋಗುತ್ತೇನೆ. ಅವಳಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಆದರೆ ಕಂಪನಿಗೆ ಒಂದು ದೂರು ಬರೆದಿಟ್ಟಿದ್ದೇನೆ: ದುಡ್ಡು ಕಟ್ಟಿದ್ದರ ಚೀಟಿ ಕೈಯಲ್ಲಿದ್ದೂ ಮೊದಲನೇ ಅಪೀಲ್ ಯಾಕೆ ತಿರಸ್ಕರಿಸಿದಿರಿ, ಯಾರು ಓದಿದರು? ಅದರ ಪ್ರತಿ ಅವರ ಸಂಘಕ್ಕೂ, ನಮ್ಮ ಸಂಸದರಿಗೂ. ಸಂಘದಿಂದ ‘ಕೂಲಂಕಷವಾಗಿ ಪರಿಶೀಲಿಸಿದ್ದೇವೆ’ ಅಂತ ಬರುತ್ತದೆ, ಬರಲಿ.

ಉಬ್ಬಸದ ಮಗುವಿನ ಅಪ್ಪನಿಗೆ ಅದೇ ಜಾಗದಿಂದ ಇನ್ನೊಂದು ಪತ್ರ ಬಂದಿದೆ, ಈ ಸಲ ಏಳು ನಿಮಿಷ ಜಾಸ್ತಿ ಅಂತ. 10 ನಿಮಿಷದ ವಿನಾಯಿತಿ ಅವರದ್ದೇ ಪುಸ್ತಕದಲ್ಲಿದೆ! ನಾಳೆ ಕತ್ತಲಾದ ಮೇಲೆ ನಾವಿಬ್ಬರೂ ಹೋಗಿ ಆ ಬೋರ್ಡಿನ ಫೋಟೋ ತೆಗೆದುಕೊಂಡು ಬರುತ್ತೇವೆ. ಬಸ್ಸಿನಲ್ಲಿ.